ಚೀನಾದ ಆಂಟಿ ಮಾಡಿದ ಬಾಣಂತನ

ನನಗೆ ಬಾಣಂತನ ಮಾಡಿದವರು ಚೀನಾದ ಒಬ್ಬ ಆಂಟಿ. ಮೈಸೂರಿನ ನೆಂಟರಿಗೆ ಇದನ್ನು ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ದನಿ ತಗ್ಗಿಸಿ ಏನೇನು ತಿನ್ನಿಸಿದರು ಎಂದು ಕೇಳುತ್ತಾರೆ. ಸಬ್ಬಸಿಗೆ ಸೊಪ್ಪಿನ ಪಲ್ಯ ತಿನ್ನಿಸಿದರು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬೇಡ. ಆ ನಲವತ್ತು ದಿನಗಳಲ್ಲಿ ನನ್ನ ಬಗ್ಗೆ ನಾನೇ ನಂಬಿಕೊಂಡಿದ್ದ ಎಷ್ಟೋ ಸಂಗತಿಗಳು ಸುಳ್ಳಾದವು, ಅದರ ಮುಂದೆ ಇದು ದೊಡ್ಡ ವಿಷಯವೇನಲ್ಲ.

2020ರ ಅಕ್ಟೋಬರ್. ನಾವಿದ್ದದ್ದು ನ್ಯೂಯಾರ್ಕಿನಿಂದ ನಾಲ್ಕೈದು ಗಂಟೆ ದಾರಿಯ ಫೇರ್‌ಫ್ಯಾಕ್ಸ್‌ನ ಒಂದು ಬಾಡಿಗೆ ಟೌನ್‌ಹೌಸ್‌ನಲ್ಲಿ. ಗಂಡ ಸಾಫ್ಟ್‌ವೇರು, ನಾನು ಸರ್ಕಾರಿ ಕಾಂಟ್ರ್ಯಾಕ್ಟಿನ ಒಂದು ಕಂಪನಿಯಲ್ಲಿ ಟೆಸ್ಟರು. ಅಂದರೆ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದು ನನ್ನ ವೃತ್ತಿ. ಪ್ರವೃತ್ತಿಯೂ ಅದೇ ಎಂದು ಗಂಡ ಹೇಳುತ್ತಾರೆ. ಬಾಣಂತನಕ್ಕೆ ಅಮ್ಮ ಬರುವುದೆಂದು ನಾವು ಮದುವೆಯಾದ ದಿನದಿಂದಲೇ ತೀರ್ಮಾನವಾಗಿತ್ತು. ಮೆಣಸು, ಓಮ, ಅಂಟು, ಒಣಕೊಬ್ಬರಿ ಎಲ್ಲ ಕಟ್ಟಿ ಸೂಟ್‌ಕೇಸು ತೂಕ ಮಾಡಿಟ್ಟಿದ್ದರು. ಆದರೆ ಕೋವಿಡ್ಡಿಗೆ ವೀಸಾ ಆಫೀಸು ಮುಚ್ಚಿತು, ವಿಮಾನ ನಿಂತಿತು, ಅಮ್ಮ ಮೈಸೂರಿನಲ್ಲೇ ಉಳಿದರು. ಹೆರಿಗೆಗೆ ಎರಡು ವಾರ ಇದ್ದಾಗ ನನ್ನ ಗಂಡ ಯೂಟ್ಯೂಬಿನಲ್ಲಿ ಮಗುವಿಗೆ ನೀರೆರೆಯುವುದನ್ನು ಅಭ್ಯಾಸ ಮಾಡುತ್ತಿದ್ದರು, ಒಂದು ಕುಂಬಳಕಾಯಿ ಇಟ್ಟುಕೊಂಡು. ಕಾಯಿ ಎರಡು ಸಲ ಕೈಜಾರಿತು.

ಆಗ ನೆರವಿಗೆ ಬಂದವಳು ಪಕ್ಕದ ಮನೆಯ ಚೀನಾದ ಹುಡುಗಿ. ಹುಡುಗಿ ಎಂದರೆ ನನಗಿಂತ ಒಂದೆರಡು ವರ್ಷ ಚಿಕ್ಕವಳು. ಓದಲು ಬಂದವಳಿಗೆ ಅಪ್ಪ ಅಮ್ಮ ಇಡೀ ಟೌನ್‌ಹೌಸನ್ನೇ ನಗದು ಕೊಟ್ಟು ಕೊಂಡು ಕೊಟ್ಟಿದ್ದರು. ಅಪ್ಪನಿಗೆ ಬಾಗಿಲಿನ ಕೀಲು ತಯಾರಿಸುವ ಫ್ಯಾಕ್ಟರಿಯಂತೆ. ಇಲ್ಲಿ ನಾವು ಏಳು ವರ್ಷ ಉಳಿಸಿದ ಹಣ ಹಿಡಿದು ಮನೆ ನೋಡಲು ಹೋದರೆ, ನಮಗಿಂತ ಮುಂಚೆ ಯಾರೋ ನಗದು ಕೊಟ್ಟು ಕೊಂಡಿರುತ್ತಿದ್ದರು. ಹಾಗೆ ಎರಡು ಮನೆ ಕೈತಪ್ಪಿದ್ದವು. ಕೊಂಡವರು ಯಾರೆಂದು ನಮಗೆ ಗೊತ್ತೇ ಇರಲಿಲ್ಲ, ಆದರೂ ಚೀನಾದವರೇ ಎಂದು ನಾನು ಖಡಾಖಂಡಿತವಾಗಿ ಹೇಳುತ್ತಿದ್ದೆ. ಚೀನಾದವರೆಂದರೆ ದುಡ್ಡಿನ ಮೂಟೆ ಹೊತ್ತು ವಿಮಾನ ಇಳಿಯುವವರು ಎಂಬುದು ನನ್ನ ಸಂಶೋಧನೆ. ಅದರ ಆಧಾರ ಪಕ್ಕದ ಮನೆ ಒಂದೇ.

ಆ ಹುಡುಗಿಗೆ ಎರಡು ತಿಂಗಳ ಹಿಂದೆ ಮಗುವಾಗಿತ್ತು. ಅವರಲ್ಲಿಯೂ ನಮ್ಮ ಹಾಗೆಯೇ ಬಾಣಂತಿ ಒಂದು ತಿಂಗಳು ಮನೆಯೊಳಗೇ ಇರುವ ಪದ್ಧತಿ ಇದೆ. ಅದಕ್ಕೆಂದೇ ಮನೆಯಲ್ಲಿ ಬಂದು ಉಳಿದು, ತಾಯಿ ಮಗು ಇಬ್ಬರನ್ನೂ ನೋಡಿಕೊಳ್ಳುವ ಹೆಂಗಸರಿದ್ದಾರೆ. ಅವಳು ನ್ಯೂಯಾರ್ಕಿನಿಂದ ಅಂಥವರೊಬ್ಬರನ್ನು ಕರೆಸಿಕೊಂಡಿದ್ದಳು. ಅವರ ಮುಂದಿನ ಕೆಲಸ ತಪ್ಪಿಹೋಗಿದೆ, ಎರಡು ತಿಂಗಳಿಂದ ನಮ್ಮ ಮನೆ ಬಿಟ್ಟು ಹೊರಗೆ ಹೋಗಿಲ್ಲ, ಆದ್ದರಿಂದ ಸೋಂಕಿನ ಭಯವಿಲ್ಲ, ನೀವು ಇಟ್ಟುಕೊಳ್ಳುತ್ತೀರಾ ಎಂದು ಬೇಲಿಯಾಚೆಯಿಂದ ಕೇಳಿದಳು. ನಾನು ಹೂಂ ಎಂದು, ನಿಮಗೆ ಅವರು ಏನಾಗಬೇಕು, ಸಂಬಂಧಿಕರೇ ಎಂದೆ. ಅವಳು ನಕ್ಕಳು. ಅವರು ದಕ್ಷಿಣದ ಕಡಲತಡಿಯ ಹಳ್ಳಿಯವರು, ತಮ್ಮ ಊರಿನವರ ಜೊತೆ ಫೋನಿನಲ್ಲಿ ಮಾತಾಡಿದರೆ ನನಗೆ ಒಂದಕ್ಷರವೂ ತಿಳಿಯುವುದಿಲ್ಲ ಎಂದಳು. ಆಫೀಸಿನಲ್ಲಿ ಯಾರಾದರೂ ನನ್ನನ್ನು ‘ನೀವು ಇಂಡಿಯನ್ ಮಾತಾಡ್ತೀರಾ’ ಎಂದು ಕೇಳಿದರೆ ನಾನು ಮನೆಗೆ ಬಂದು ಅರ್ಧ ಗಂಟೆ ಬೈಯುತ್ತೇನೆ.

ಸಂಬಳ ಕೇಳಿ ನನಗೆ ಹೆರಿಗೆ ನೋವು ಅವತ್ತೇ ಶುರುವಾಗುವುದರಲ್ಲಿತ್ತು. ತಿಂಗಳಿಗೆ ಅವರು ತೆಗೆದುಕೊಳ್ಳುತ್ತಿದ್ದದ್ದು ತೆರಿಗೆ ಕಳೆದು ನನ್ನ ಕೈಗೆ ಬರುವುದಕ್ಕಿಂತ ಜಾಸ್ತಿ. ದೇವರಾಜ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡಿ ಬೆಳೆದ ನಾನು ಸುಮ್ಮನಿರುವುದು ಹೇಗೆ? ನಮ್ಮದು ಸಸ್ಯಾಹಾರಿ ಮನೆ, ಮೀನಿಲ್ಲ, ಮಾಂಸವಿಲ್ಲ, ಅಡುಗೆ ಕೆಲಸ ಅರ್ಧಕ್ಕರ್ಧ ಕಡಿಮೆ, ಆದ್ದರಿಂದ ಸಂಬಳ ಸ್ವಲ್ಪ ಇಳಿಸಬೇಕು ಎಂದು ಪಕ್ಕದ ಮನೆಯವಳ ಮೂಲಕ ಹೇಳಿಕಳಿಸಿದೆ. ಉತ್ತರ ತಕ್ಷಣ ಬಂತು. ಮಾಂಸವಾದರೆ ಒಂದು ಸಲ ಬೇಯಲಿಟ್ಟರೆ ಎರಡು ದಿನಕ್ಕಾಯಿತು, ತರಕಾರಿಯನ್ನು ದಿನವೂ ತೊಳೆದು ಹೆಚ್ಚಬೇಕು, ಸಸ್ಯಾಹಾರಿಗಳಿಗೆ ರೇಟು ಜಾಸ್ತಿ. ಕೊನೆಗೆ ಮೊದಲು ಹೇಳಿದಷ್ಟಕ್ಕೇ ಒಪ್ಪಿಕೊಂಡರು. ಜಾಸ್ತಿ ಕೊಡುವುದು ತಪ್ಪಿಸಿದೆ ಎಂದು ನಾನು ಗಂಡನ ಮುಂದೆ ಮೀಸೆ ತಿರುವಿದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಆಸ್ಪತ್ರೆಯಿಂದ ಮಗು ತಂದ ದಿನವೇ ಅವರು ಬಂದರು. ಐವತ್ತರ ಆಸುಪಾಸು, ಗಿಡ್ಡ, ಗಟ್ಟಿಮುಟ್ಟು, ಒಂದೇ ಒಂದು ಚಕ್ರದ ಸೂಟ್‌ಕೇಸು. ಮೊಣಕೈವರೆಗೂ ಕಾದ ಎಣ್ಣೆ ಸಿಡಿದ ಕಲೆಗಳು. ನಾವು ಆಂಟಿ ಎಂದೆವು, ಅವರು ನನ್ನನ್ನು ‘ಮಾಮಾ’ ಎಂದರು, ಮಗುವಿನ ಅಮ್ಮ ಎಂಬ ಅರ್ಥದಲ್ಲಿ. ಅವರಿಗೆ ಇಂಗ್ಲಿಷ್ ಹತ್ತಿಪ್ಪತ್ತು ಪದ. ಉಳಿದ ಮಾತೆಲ್ಲ ಫೋನಿನಲ್ಲಿ. ಅವರು ಚೀನೀ ಭಾಷೆಯಲ್ಲಿ ಹೇಳಿದರೆ ಆಪು ಕನ್ನಡದಲ್ಲಿ ಓದುತ್ತಿತ್ತು. ಆ ಆಪಿನ ಕನ್ನಡವೋ, ತಾಲ್ಲೂಕು ಕಚೇರಿಯ ಸುತ್ತೋಲೆ. ಮೊದಲ ದಿನ ನಾನು ಬರಿಗಾಲಲ್ಲಿ ನೆಲದ ಮೇಲೆ ನಿಂತದ್ದೇ ತಡ, ಫೋನು ಗಂಭೀರವಾಗಿ ಹೇಳಿತು: ‘ತಾಯಿಯು ತನ್ನ ಪಾದಗಳನ್ನು ಮುಚ್ಚಿಕೊಳ್ಳತಕ್ಕದ್ದು.’

ಅಮ್ಮ ದಿನಾ ಬೆಳಿಗ್ಗೆ ವಿಡಿಯೋ ಕಾಲಿನಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಪ್ರತಿಷ್ಠಾಪನೆಯಾಗುತ್ತಿದ್ದರು. ಅಮ್ಮನಿಗೂ ಆಂಟಿಗೂ ಯುದ್ಧವಾಗುತ್ತದೆ, ನಾನು ನಡುವೆ ನಿಂತು ತೀರ್ಪು ಕೊಡಬೇಕಾಗುತ್ತದೆ ಎಂದುಕೊಂಡಿದ್ದೆ. ಆದದ್ದೇ ಬೇರೆ. ತಣ್ಣೀರು ಮುಟ್ಟಬಾರದು, ಗಾಳಿಗೆ ಹೋಗಬಾರದು, ಕಿವಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಓದಿದರೆ ಕಣ್ಣು ಹಾಳು, ಅತ್ತರೂ ಕಣ್ಣು ಹಾಳು, ಎಲ್ಲದರಲ್ಲೂ ಇಬ್ಬರದೂ ಒಂದೇ ಮಾತು. ಇಬ್ಬರೂ ಸೇರಿ ನನ್ನನ್ನು ಹಿಡಿದು ಹಾಕಿದರು. ಜಗಳವಾದದ್ದು ಸ್ನಾನಕ್ಕೆ ಮಾತ್ರ. ಅಮ್ಮನ ಪ್ರಕಾರ ಎಣ್ಣೆ ಹಚ್ಚಿ ಹಂಡೆಗಟ್ಟಲೆ ಬಿಸಿನೀರು ಹುಯ್ಯಬೇಕು, ಆಂಟಿಯ ಪ್ರಕಾರ ತಿಂಗಳು ತಲೆಗೆ ನೀರು ಸೋಕಬಾರದು. ಮೂರು ದಿನ ವಾದ ನಡೆದು, ಶುಂಠಿ ಹಾಕಿ ಕುದಿಸಿದ ನೀರಾದರೆ ಆಗಬಹುದು ಎಂದು ರಾಜಿಯಾಯಿತು. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ನಾನು ತಿಂಗಳಿಡೀ ಶುಂಠಿ ಕಾಫಿಯ ವಾಸನೆ ಹೊಡೆಯುತ್ತಿದ್ದೆ.

ಹಾಲಿಗೆ ಒಳ್ಳೆಯದೆಂದು ಆಂಟಿ ಪರಂಗಿಕಾಯಿ ಕಡಲೇಕಾಯಿ ಬೀಜ ಹಾಕಿ ಸಾರು ಮಾಡಿದರು, ಅಮ್ಮ ಸಬ್ಬಸಿಗೆ ಸೊಪ್ಪು ತೋರಿಸಿಕೊಟ್ಟರು. ಎರಡನೇ ವಾರಕ್ಕೆ ಆಂಟಿಯ ಪಲ್ಯ ಅಮ್ಮನ ಪಲ್ಯಕ್ಕಿಂತ ಚೆನ್ನಾಗಿತ್ತು. ನಾನು ಅದನ್ನು ಅಮ್ಮನಿಗೆ ಹೇಳಲಿಲ್ಲ, ನನಗೂ ಜೀವದ ಮೇಲೆ ಆಸೆಯಿದೆ. ಹಸಿರು ಸೊಪ್ಪಿನ ಮೇಲೆ ಅವರ ಕತ್ತಿ ಆಡುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಇದನ್ನೆಲ್ಲಿ ಕಲಿತಿರಿ ಎಂದು ಕೇಳಿದಾಗ ಸ್ವಲ್ಪ ಸ್ವಲ್ಪವಾಗಿ ಕತೆ ಬಿಚ್ಚಿಕೊಂಡಿತು. ಇಪ್ಪತ್ತು ವರ್ಷಕ್ಕೂ ಮೇಲೆ ಅವರು ಊಟ ಕಟ್ಟಿಸಿಕೊಂಡು ಹೋಗುವ ಚೀನೀ ಟೇಕ್‌ಔಟ್ ಅಂಗಡಿಗಳ ಅಡುಗೆಮನೆಯಲ್ಲಿದ್ದರು. ನ್ಯೂಯಾರ್ಕಿನ ಏಜೆನ್ಸಿಯಲ್ಲಿ ಹೆಸರು ಕೊಟ್ಟರೆ ಒಂದು ಫೋನ್ ನಂಬರು ಕೊಟ್ಟು ಬಸ್ಸು ಹತ್ತಿಸುತ್ತಿದ್ದರಂತೆ. ಇಳಿದಲ್ಲಿ ಮಾಲೀಕ ಕಾರು ತಂದು ಕರೆದುಕೊಂಡು ಹೋಗುತ್ತಿದ್ದ. ಉತ್ತರ ಕ್ಯಾರೊಲಿನಾದಲ್ಲಿ ಮೂರು ಊರು, ಫೋರ್ಟ್ ಮಿಲ್ ಹತ್ತಿರ ನಾಲ್ಕು ವರ್ಷ, ಆಮೇಲೆ ಅಟ್ಲಾಂಟಾದ ಹೊರಗೆ. ಊರಿನ ಹೆಸರು ಅವರಿಗೆ ಸರಿಯಾಗಿ ನೆನಪಿರಲಿಲ್ಲ, ಕಿಟಕಿಯಿಂದ ಕಾಣುತ್ತಿದ್ದ ಪೆಟ್ರೋಲ್ ಬಂಕು ನೆನಪಿತ್ತು. ಮಾಲೀಕನೂ ಅವರ ಊರಿನ ಕಡೆಯವನೇ, ಮೊದಲು ಅವನೂ ಹೀಗೆ ಬಸ್ಸಿಳಿದವನೇ. ಕೋವಿಡ್ ಬಂದು ಅಂಗಡಿ ಮುಚ್ಚಿದಾಗ ಆಂಟಿ ಬಾಣಂತನದ ಟ್ರೇನಿಂಗ್ ತೆಗೆದುಕೊಂಡು, ಸರ್ಟಿಫಿಕೇಟು ಲ್ಯಾಮಿನೇಟ್ ಮಾಡಿಸಿ ಸೂಟ್‌ಕೇಸಿನಲ್ಲಿಟ್ಟುಕೊಂಡರು. ಐವತ್ತರಲ್ಲಿ ಕಸುಬು ಬದಲಾಯಿಸಿದ್ದರು. ನಾನು ಆಫೀಸಿನಲ್ಲಿ ಹೊಸ ಟೂಲ್ ಬಂದರೆ ಎರಡು ವಾರ ಗೊಣಗುವವಳು.

ಇನ್ನು ನಮ್ಮ ಪ್ಲಾನಿನ ವಿಷಯ ಹೇಳಬೇಕು. ಮಗುವಿನ ಡೇ ಕೇರ್ ಫೀಸು ನನ್ನ ಸಂಬಳವನ್ನು ಹೆಚ್ಚುಕಡಿಮೆ ಪೂರ್ತಿ ನುಂಗುತ್ತಿತ್ತು. ಹಾಗಾದರೆ ಮನೆ ಕೊಳ್ಳುವ ಆಸೆ ಬಿಟ್ಟ ಹಾಗೆಯೇ. ಅದಕ್ಕೆ ಅಮ್ಮನೇ ದಾರಿ ಹೇಳಿದ್ದರು. ವಿಮಾನ ಶುರುವಾದ ತಕ್ಷಣ ಬರುತ್ತೇನೆ, ಆರು ತಿಂಗಳು ಇದ್ದು ಹೋಗುವಾಗ ಮಗುವನ್ನು ಕರೆದುಕೊಂಡು ಹೋಗುತ್ತೇನೆ, ಎರಡು ವರ್ಷ ಮೈಸೂರಿನಲ್ಲಿ ಬೆಳೆಯಲಿ, ನೀವು ದುಡಿದು ಮನೆ ಮಾಡಿಕೊಳ್ಳಿ. ನಮ್ಮ ಪರಿಚಯದಲ್ಲಿ ಹೀಗೆ ಮಾಡಿದವರಿದ್ದರು. ಮಗುವಿಗೆ ಕನ್ನಡ ಬರುತ್ತದೆ, ಅಜ್ಜಿಯ ಪ್ರೀತಿ ಸಿಗುತ್ತದೆ, ಸಂಸ್ಕಾರ ಬರುತ್ತದೆ ಎಂದು ನಾವು ಮೂವರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಅಮ್ಮ ಆಗಲೇ ತೊಟ್ಟಿಲು ಕೊಂಡು ಪಾಲಿಶ್ ಮಾಡಿಸಿದ್ದರು. ಮನೆ ನಮಗೆ ಎಷ್ಟು ಬೇಕಾಗಿತ್ತೆಂದರೆ, ಮಗುವನ್ನು ಬಿಟ್ಟಿರುವುದು ಹೇಗೆ ಎಂಬ ಪ್ರಶ್ನೆಯನ್ನು ಯಾರೂ ಎತ್ತಲೇ ಇಲ್ಲ.

ಮೂರನೇ ವಾರ ನಾನು ಇದನ್ನು ಆಂಟಿಗೆ ಹೇಳಿದೆ. ನಾವು ಎಷ್ಟು ಜಾಣರು ಎಂದು ತೋರಿಸಿಕೊಳ್ಳಲಿಕ್ಕೇ ಹೇಳಿದ್ದು. ಆಪು ಅದನ್ನು ಅವರ ಭಾಷೆಯಲ್ಲಿ ಓದಿ ಮುಗಿಸಿದ ಮೇಲೆ ಅವರು ಮಗುವಿನ ಬಟ್ಟೆ ಮಡಿಸುವುದನ್ನು ನಿಲ್ಲಿಸಿದರು. ಫೋನು ಬಾಯಿಯ ಹತ್ತಿರ ಹಿಡಿದು ಮಾತಾಡಿದರು. ಸುತ್ತೋಲೆಯ ಕನ್ನಡದಲ್ಲಿ ಅದು ಹೀಗೆ ಬಂತು:

‘ನನಗೂ ಒಬ್ಬ ಮಗಳಿರುತ್ತಾಳೆ. ನಾಲ್ಕು ತಿಂಗಳ ವಯಸ್ಸಿನಲ್ಲಿ ಅವಳನ್ನು ನನ್ನ ತಾಯಿಯ ಬಳಿಗೆ ರವಾನಿಸಲಾಯಿತು. ಐದೂವರೆ ವರ್ಷಗಳ ನಂತರ ಹಿಂತಿರುಗಿಸಲಾಯಿತು.’

ರವಾನಿಸಿದ್ದು ಪರಿಚಯದವರ ಪರಿಚಯದ ಒಬ್ಬ ಹೆಂಗಸಿನ ಕೈಯಲ್ಲಿ. ಟೇಕ್‌ಔಟ್ ಕೆಲಸದವರೆಲ್ಲ ಹಾಗೆಯೇ ಮಾಡುತ್ತಿದ್ದರಂತೆ, ಹನ್ನೆರಡು ಗಂಟೆ ಕಡಾಯಿ ಮುಂದೆ ನಿಂತರೆ ಮಗು ಎಲ್ಲಿ ಮಲಗಬೇಕು? ತಿರುಗಿ ಬಂದ ಮೇಲೂ ಮಗಳು ನ್ಯೂಯಾರ್ಕಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಬೆಳೆದಳು, ಆಂಟಿ ಕ್ಯಾರೊಲಿನಾದಲ್ಲಿದ್ದರು. ಈಗ ಅವಳು ಅಟ್ಲಾಂಟಾದ ದೊಡ್ಡ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ, ಫೀಸು ಕಟ್ಟುತ್ತಿರುವುದು ನಮ್ಮಂಥವರ ಮನೆಯ ಬಾಣಂತನದಿಂದ. ಆ ಯೂನಿವರ್ಸಿಟಿಯ ಹೆಸರು ಕೇಳಿ ನನಗೆ ಮೊದಲು ಹೊಳೆದದ್ದು, ಅಲ್ಲಿ ಸೀಟು ಸಿಗುವುದು ಕಷ್ಟ ಎಂಬುದು. ಎರಡನೆಯದು, ಪಾಪ, ಬಡತನ, ಅವರಿಗೆ ಬೇರೆ ದಾರಿ ಇರಲಿಲ್ಲ ಎಂಬುದು. ನಮ್ಮದು ಹಾಗಲ್ಲವಲ್ಲ, ನಮ್ಮದು ಪ್ಲಾನಿಂಗು. ಅವರು ಮಾಡಿದರೆ ಗತಿಗೇಡು, ನಾವು ಮಾಡಿದರೆ ಸಂಸ್ಕಾರ. ಇದನ್ನು ನಾನು ಮನಸ್ಸಿನಲ್ಲಿ ಪೂರ್ತಿ ನಂಬಿಕೊಂಡೇ ಅಂದುಕೊಂಡೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಇದನ್ನು ಹೇಳಿದೆ. ಅವರು ಅನ್ನ ಕಲಸುತ್ತಿದ್ದವರು, ‘ನಮ್ದು ಡಿಫರೆಂಟ್ ಬಿಡು, ಟೂ ಇಯರ್ಸ್ ಅಷ್ಟೇ ಅಲ್ವಾ’ ಎಂದರು. ನಾನು ಹೌದು ಹೌದು ಎಂದೆ. ಯಾರೂ ಏನೂ ಅನ್ನದೇ ಇದ್ದರೂ ಇಬ್ಬರೂ ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳರ ಹಾಗಿದ್ದೆವು.

ಐದನೇ ವಾರದ ಒಂದು ಭಾನುವಾರ ಮಧ್ಯಾಹ್ನ ಆಂಟಿ ಒಂದು ಸಹಾಯ ಕೇಳಿದರು. ಚಳಿಗಾಲದ ರಜೆಗೆ ಯೂನಿವರ್ಸಿಟಿ ಮುಚ್ಚುತ್ತದೆ. ಕೆಲಸವಿಲ್ಲದಾಗ ತಾವಿರುವ ನ್ಯೂಯಾರ್ಕಿನ ಕೋಣೆಗೆ ಮಗಳು ಬಂದು ಎರಡು ವಾರ ಜೊತೆಗಿರಲಿ ಎಂದು ಅವರಿಗೆ ಆಸೆ. ನಮ್ಮ ಮನೆ ಬಿಟ್ಟ ಮೇಲೆ ಅವರು ಬೇರೆ ಕೆಲಸವನ್ನೂ ಒಪ್ಪಿಕೊಂಡಿರಲಿಲ್ಲ. ಆದರೆ ಅವರು ಕಳಿಸಿದ ವಾಯ್ಸ್ ಮೆಸೇಜಿಗೆ ಮಗಳು ಉತ್ತರವನ್ನೇ ಕೊಡುತ್ತಿರಲಿಲ್ಲ. ಊರಿನ ಭಾಷೆ ಅವಳಿಗೆ ಅರ್ಥವಾಗುತ್ತದೆ, ಆಡಲು ಇಷ್ಟವಿಲ್ಲ. ನೀವು ದೊಡ್ಡ ಓದು ಓದಿದವರು, ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದರೆ ಕೇಳುತ್ತಾಳೆ ಎಂದರು. ನನ್ನ ಇಂಗ್ಲಿಷನ್ನು ಈ ದೇಶದಲ್ಲಿ ಹೊಗಳಿದವರು ಅವರೊಬ್ಬರೇ. ಆಫೀಸಿನ ಮೀಟಿಂಗಿನಲ್ಲಿ ನಾನು ಬಾಯಿ ತೆರೆದರೆ ಇನ್ನೊಂದು ಸಲ ಹೇಳ್ತೀರಾ ಎನ್ನುತ್ತಾರೆ. ನಾನು ಉಬ್ಬಿಹೋದೆ. ಹೇಳಬೇಕಾದ್ದನ್ನು ಕಾಗದದಲ್ಲಿ ಬರೆದುಕೊಂಡು, ಎರಡು ಸಲ ಓದಿಕೊಂಡು, ನನ್ನ ಫೋನಿನಿಂದ ಮಾಡಿದೆ. ಆಂಟಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಮುಂದೆಯೇ ನಿಂತರು.

ಹುಡುಗಿ ಎತ್ತಿದಳು. ದನಿ ಮೃದು, ಮಾತು ಬಹಳ ಮರ್ಯಾದೆಯದು. ನಾನು ಬರೆದುಕೊಂಡದ್ದನ್ನೆಲ್ಲ ಓದಿದೆ. ನಿಮ್ಮ ತಾಯಿ ಕಷ್ಟಪಟ್ಟಿದ್ದಾರೆ, ನಿಮಗಾಗಿ ಕಾಯುತ್ತಿದ್ದಾರೆ, ಅಡುಗೆ ಬಹಳ ಚೆನ್ನಾಗಿ ಮಾಡುತ್ತಾರೆ. ಕೊನೆಯದನ್ನು ಯಾಕೆ ಸೇರಿಸಿದೆನೋ, ಅವಳ ತಾಯಿಯ ಅಡುಗೆಯನ್ನು ಅವಳಿಗೆ ನಾನು ಪರಿಚಯ ಮಾಡಿಕೊಡುತ್ತಿದ್ದೆ. ಅವಳು ಎಲ್ಲ ಕೇಳಿಸಿಕೊಂಡಳು. ಲ್ಯಾಬಿನಲ್ಲಿ ಕೆಲಸವಿದೆ, ಗೆಳತಿಯ ಮನೆಯಲ್ಲಿ ಉಳಿಯುತ್ತೇನೆ, ಬರಲಾಗುವುದಿಲ್ಲ ಎಂದಳು. ಆಮೇಲೆ ನನ್ನ ಮಗುವಿಗೆ ಎಷ್ಟು ದಿನ ಎಂದು ಕೇಳಿ, ಶುಭಾಶಯ ಹೇಳಿ, ಇಂಗ್ಲಿಷಿನಲ್ಲಿ ಇಷ್ಟು ಹೇಳಿದಳು:

‘ನನ್ನಮ್ಮ ಚಿಕ್ಕ ಮಕ್ಕಳನ್ನ ತುಂಬಾ ಚೆನ್ನಾಗಿ ನೋಡ್ಕೋತಾರೆ ಅಂತ ಎಲ್ರೂ ಹೇಳ್ತಾರೆ. ನಂಗೆ ಗೊತ್ತಿಲ್ಲ.’

ಅವಳ ಮಾತಿನಲ್ಲಿ ಕೋಪವೇ ಇರಲಿಲ್ಲ. ಇದ್ದಿದ್ದರೆ ನನ್ನ ಕಾಗದದಲ್ಲಿ ಅದಕ್ಕೊಂದು ಉತ್ತರ ಹುಡುಕಬಹುದಿತ್ತು. ಥ್ಯಾಂಕ್ಸ್ ಹೇಳಿ ಫೋನಿಟ್ಟೆ. ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು. ಈ ಸಲ ಬರಲಾಗುವುದಿಲ್ಲವಂತೆ, ನಿಮ್ಮದು ಊಟ ಆಯಿತೇ ಎಂದು ಕೇಳಿದಳು ಎಂದು ಆಪಿಗೆ ಹೇಳಿದೆ. ಅವರು ಕೇಳಿಸಿಕೊಂಡು ತಲೆಯಾಡಿಸಿದರು.

‘ನೋ. ಶಿ ನೋ ಆಸ್ಕ್’ ಎಂದರು, ನನ್ನನ್ನು ಸಮಾಧಾನ ಮಾಡುವವರ ಹಾಗೆ. ಆಮೇಲೆ ಫೋನಿನಲ್ಲಿ ಏನೋ ಹೇಳಿದರು. ಆಪು ಓದಿತು: ‘ಅವಳು ಎಷ್ಟು ನಿಮಿಷಗಳ ಕಾಲ ಮಾತನಾಡಿದಳು?’

ನೋಡಿದೆ. ನಾಲ್ಕು ನಿಮಿಷ. ನಾಲ್ಕು ಬೆರಳು ತೋರಿಸಿದೆ.

ಅವರ ಮುಖ ಅರಳಿತು. ನಾಲ್ಕು ನಿಮಿಷ ಎಂದರೆ ಬಹಳವಾಯಿತು ಎಂದರು. ನನಗೆ ಅಳು ಬಂತು. ಬಾಣಂತಿ ಅತ್ತರೆ ಕಣ್ಣು ಹಾಳಾಗುತ್ತದೆ ಎಂದು ಬೈದು, ಮಗುವಿನ ಬಾಯಿ ಒರೆಸುವ ಬಟ್ಟೆಯಲ್ಲೇ ನನ್ನ ಮುಖ ಒರೆಸಿದರು.

ಮಾರನೆಯ ಬೆಳಿಗ್ಗೆ ಅಮ್ಮ ಎಂದಿನಂತೆ ಕಟ್ಟೆಯ ಮೇಲೆ ಬಂದು, ತೊಟ್ಟಿಲಿಗೆ ಗಿಲಕಿ ಕಟ್ಟಿದ್ದನ್ನು ತೋರಿಸುತ್ತಿದ್ದರು. ನಾನು ಗಂಡನನ್ನೂ ಕೇಳದೆ, ಪೀಠಿಕೆಯನ್ನೂ ಹಾಕದೆ, ಮಗುವನ್ನು ಕಳಿಸುವುದಿಲ್ಲ ಎಂದುಬಿಟ್ಟೆ. ಮನೆ ಆಗದಿದ್ದರೆ ಬಾಡಿಗೆ ಮನೆಯಲ್ಲೇ ಇರುತ್ತೇವೆ, ನನ್ನ ಸಂಬಳವೆಲ್ಲ ಡೇ ಕೇರಿಗೆ ಹೋದರೆ ಹೋಗಲಿ ಎಂದೆ. ಹೇಳುವಾಗ ನಾನು ಬಹಳ ದೊಡ್ಡ ತ್ಯಾಗ ಮಾಡುತ್ತಿದ್ದೇನೆ ಎಂದು ನನಗೆ ಅನಿಸುತ್ತಿತ್ತು. ತ್ಯಾಗ ಯಾರದೆಂಬುದು ಅಮ್ಮನ ಮುಖ ನೋಡಿದ ಮೇಲೆ ತಿಳಿಯಿತು.

ಅಮ್ಮ ಗಿಲಕಿಯನ್ನು ಕೆಳಗಿಟ್ಟರು. ‘ನಾನೇನು ನಿನ್ ಮಗೂನ ಕಿತ್ಕೊಂಡ್ ಹೋಗ್ತೀನಿ ಅಂದ್ನಾ? ನಿಮ್ಗೆ ಅನುಕೂಲ ಆಗ್ಲಿ ಅಂತ ಅಲ್ವೇನೇ ಹೇಳಿದ್ದು’ ಎಂದರು. ನಾನು ಇನ್ನೇನೋ ಹೇಳುವಷ್ಟರಲ್ಲಿ ಪರದೆ ಕಪ್ಪಾಯಿತು.

ಏನಾಯಿತು ಎಂದು ಆಂಟಿ ಕೇಳಿದರು. ಹೇಳಿದೆ. ಅವರು ಭೇಷ್ ಎನ್ನುತ್ತಾರೆ ಎಂದು ಕಾದೆ. ಹಾಗೇನೂ ಅನ್ನಲಿಲ್ಲ. ನನ್ನ ಫೋನನ್ನು ಮತ್ತೆ ನನ್ನ ಕೈಗಿಟ್ಟು, ‘ಕಾಲ್’ ಎಂದರು. ಮಾಡಿದೆ, ಅಮ್ಮ ಎತ್ತಲಿಲ್ಲ. ‘ಕಾಲ್’ ಎಂದರು ಮತ್ತೆ. ಅಮ್ಮನಿಗೆ ಸಿಟ್ಟು ಬಂದಿದೆ, ಸಂಜೆ ಮಾಡುತ್ತೇನೆ ಎಂದೆ. ಆ ಮಾತು ಅವರಿಗೆ ಅರ್ಥವಾಯಿತೋ ಇಲ್ಲವೋ, ಜಾಗ ಬಿಟ್ಟು ಕದಲಲಿಲ್ಲ. ಮಗುವನ್ನು ಎತ್ತಿಕೊಂಡು ನಿಂತೇ ಇದ್ದರು, ಒಲೆಯ ಮೇಲೆ ಶುಂಠಿ ನೀರು ಉಕ್ಕಿದರೂ ಆರಿಸಲು ಹೋಗಲಿಲ್ಲ. ಮೂರನೇ ಸಲ, ನಾಲ್ಕನೇ ಸಲ.

ಐದನೇ ಸಲಕ್ಕೆ ಅಮ್ಮ ಎತ್ತಿದರು. ಮೂಗು ಕೆಂಪಗಿತ್ತು. ನನ್ನ ಕಡೆ ನೋಡಲೇ ಇಲ್ಲ. ‘ಪುಟ್ಟ ಎದ್ದಿದಾನಾ? ತೋರ್ಸು’ ಎಂದರು.

ಆಂಟಿ ಮಗುವಿನ ಮುಖವನ್ನು ಪರದೆಗೆ ಹತ್ತಿರ ಹಿಡಿದರು. ಅಮ್ಮ ಅಲ್ಲಿಂದ ಚಿಟಿಕೆ ಹೊಡೆದು ಮಾತಾಡಿಸುತ್ತ ಅತ್ತರು, ನಾನು ಇಲ್ಲಿಂದ ಅತ್ತೆ, ಈ ಸಲ ಕಣ್ಣು ಹಾಳಾಗುತ್ತದೆ ಎಂದು ಯಾರೂ ಬೈಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಂಟಿ ಮಗುವನ್ನು ನನ್ನ ಕೈಗೆ ಕೊಟ್ಟು, ಒಲೆ ಆರಿಸಿ, ತಮ್ಮ ಫೋನು ತೆಗೆದುಕೊಂಡು ಕೆಳಗಿನ ಕೋಣೆಗೆ ಇಳಿದು ಹೋದರು. ಮಗಳಿಗೆ ಅವರು ಎಷ್ಟು ಸಲ ಮಾಡಿದರೋ, ನಾನು ಕೇಳಲಿಲ್ಲ. ಮೇಲೆ ಬಂದಾಗ ಸೊಪ್ಪು ಬಿಡಿಸಲು ಕೂತರು.